ಹಳೆಯ ಕಾರಿನ ಸಣ್ಣ ಸುರಕ್ಷತಾ ದೋಷವನ್ನು ಸರಿಪಡಿಸಬೇಕೇ? ಪದೇ ಪದೇ ಕೇಳುವ ಪ್ರಶ್ನೆಗಳು

ಮುಂಬಯಿ, ಪುಣೆ, ಗೋವೆಗಳಲ್ಲಿ ನೆಲೆಸಿರುವ ಕನ್ನಡಿಗರ ಮನೆಗಳಲ್ಲಿ ಹತ್ತು-ಹದಿನೈದು ವರ್ಷದ ಹಳೆಯ ಕಾರೊಂದು ಇರುವುದು ಅಪರೂಪವೇನಲ್ಲ. ವಾರವಿಡೀ ಅದು ಸೊಸೈಟಿಯ ಅಂಗಳದಲ್ಲಿ ನಿಂತಿರುತ್ತದೆ, ಭಾನುವಾರ ಮಾರುಕಟ್ಟೆಗೆ ಹೋಗಿ ಬರುತ್ತದೆ, ಬೇಸಿಗೆ ರಜೆಗೋ ಚೌತಿಗೋ ಮನೆಮಂದಿಯನ್ನೆಲ್ಲ ತುಂಬಿಕೊಂಡು ಉಡುಪಿಗೋ ವಿಜಯಪುರಕ್ಕೋ ಹುಬ್ಬಳ್ಳಿಗೋ ಹೊರಡುತ್ತದೆ. ಗಾಡಿಗೆ ಕೆಲಸ ಕಡಿಮೆ ನಿಜ, ಆದರೆ ಕೆಲಸ ಬಂದಾಗ ಅದು ಖಂಬಾಟ್ಕಿ, ಆಂಬೋಲಿ, ಚೋರ್ಲಾ, ಅನಮೋಡದಂಥ ಘಟ್ಟಗಳಲ್ಲೇ ಬರುತ್ತದೆ. ಕೆಳಗಿನ ಉತ್ತರಗಳನ್ನು ಈ ಬಗೆಯ ಬಳಕೆಯನ್ನು ಗಮನದಲ್ಲಿಟ್ಟುಕೊಂಡೇ ಬರೆಯಲಾಗಿದೆ.

ಮಾರಿದರೆ ಅರವತ್ತು ಸಾವಿರವೂ ಬಾರದ ಕಾರಿಗೆ ಎಂಟು ಸಾವಿರದ ರಿಪೇರಿ ಮಾಡಿಸುವುದು ಜಾಣತನವೇ?

ರಿಪೇರಿಯ ಖರ್ಚನ್ನು ಕಾರಿನ ಮಾರುಕಟ್ಟೆ ಬೆಲೆಯೊಂದಿಗೆ ತೂಗಿ ನೋಡುವ ಅಭ್ಯಾಸ ಎಲ್ಲರಲ್ಲೂ ಇದೆ. ಸುರಕ್ಷತೆಯ ವಿಷಯದಲ್ಲಿ ಆ ತೂಕವೇ ತಪ್ಪು. ಅರವತ್ತು ಸಾವಿರ ಎಂಬುದು ಬೇರೆಯವರು ಆ ಗಾಡಿಗೆ ಕೊಡಲು ಒಪ್ಪುವ ಹಣವೇ ಹೊರತು ಅದರೊಳಗೆ ಕುಳಿತು ಹೋಗುವವರ ಬೆಲೆಯಲ್ಲ. ಎಂಟು ಸಾವಿರವನ್ನು ಹೋಲಿಸಬೇಕಾದದ್ದು ಇನ್ನೆಷ್ಟು ಕಾಲ ಆ ಕಾರನ್ನು ಬಳಸುತ್ತೀರಿ, ಅದಿಲ್ಲದಿದ್ದರೆ ಅದೇ ಓಡಾಟಕ್ಕೆ ಟ್ಯಾಕ್ಸಿಗೂ ರೈಲಿಗೂ ಎಷ್ಟು ತೆರುತ್ತೀರಿ ಎಂಬುದರೊಂದಿಗೆ. ಹಾಗೆ ಲೆಕ್ಕ ಹಾಕಿದಾಗ ರಿಪೇರಿ ಲಾಭದಾಯಕವೆಂದು ಕಂಡರೆ ಮಾಡಿಸಬೇಕು, ಕಾಣದಿದ್ದರೆ ಗಾಡಿಯನ್ನು ರಸ್ತೆಗೆ ಇಳಿಸುವುದನ್ನು ನಿಲ್ಲಿಸಿ ಗುಜರಿಗೆ ಕೊಡಬೇಕು. ರಿಪೇರಿಯನ್ನೂ ಮಾಡಿಸದೆ, ಗಾಡಿಯನ್ನೂ ಬಿಡದೆ, ಹೇಗೋ ಇನ್ನೊಂದು ವರ್ಷ ತಳ್ಳುವ ಮೂರನೆಯ ದಾರಿಯನ್ನೇ ಹೆಚ್ಚಿನವರು ಹಿಡಿಯುತ್ತಾರೆ. ನನ್ನ ಅಭಿಪ್ರಾಯದಲ್ಲಿ ಆ ದಾರಿ ಇಲ್ಲವೆಂದೇ ತಿಳಿಯುವುದು ಒಳ್ಳೆಯದು.

ಹಾಗಾದರೆ ಯಾವುದನ್ನು ನಿಜಕ್ಕೂ ಸಣ್ಣ ದೋಷ ಎನ್ನಬಹುದು?

ಖರ್ಚು ಸಣ್ಣದಾದ ಮಾತ್ರಕ್ಕೆ ದೋಷ ಸಣ್ಣದಾಗುವುದಿಲ್ಲ. ಆ ಭಾಗ ಗಾಡಿಯನ್ನು ನಿಲ್ಲಿಸುವುದಕ್ಕೆ, ತಿರುಗಿಸುವುದಕ್ಕೆ, ನಿಮಗೆ ರಸ್ತೆ ಕಾಣುವುದಕ್ಕೆ, ನೀವು ಇತರರಿಗೆ ಕಾಣುವುದಕ್ಕೆ ಅಥವಾ ಡಿಕ್ಕಿಯಾದಾಗ ನಿಮ್ಮನ್ನು ಸೀಟಿನಲ್ಲಿ ಹಿಡಿದಿಡುವುದಕ್ಕೆ ಬೇಕಾದುದಾದರೆ, ಹತ್ತು ರೂಪಾಯಿಯ ಫ್ಯೂಸೇ ಆಗಿರಲಿ, ಅದನ್ನು ಮುಂದೂಡುವಂತಿಲ್ಲ. ಬಂಪರಿನ ಗೀರು, ಸೆಂಟ್ರಲ್ ಲಾಕ್, ಮ್ಯೂಸಿಕ್ ಸಿಸ್ಟಮ್, ಸೀಟಿನ ಹರಿದ ಹೊದಿಕೆ ಇವು ಕಾಯಬಲ್ಲವು.

ಎರಡು ಭಾಗಗಳು ಮಾತ್ರ ಈ ಗೆರೆಯ ಆಚೆಗೂ ಈಚೆಗೂ ಓಡಾಡುತ್ತವೆ. ಏಸಿಯನ್ನು ನಾವು ಸುಖದ ಸಾಧನವೆಂದು ತಿಳಿದಿದ್ದೇವೆ. ಆದರೆ ಜುಲೈ ತಿಂಗಳಲ್ಲಿ ಐದು ಜನ ಕುಳಿತ ಕಾರು ಆಂಬೋಲಿಯ ಮಂಜಿಗೆ ಹೊಕ್ಕಾಗ ಮುಂಗಾಜಿನ ಒಳಮೈಗೆ ಕಟ್ಟುವ ಹಬೆಯನ್ನು ಬೇಗ ತೆಗೆಯುವುದು ಏಸಿಯ ಒಣಗಾಳಿಯೇ. ಹಾಗೆಯೇ ಚಾಲಕನ ಪಕ್ಕದ ಪವರ್ ವಿಂಡೋ. ನೀರು ತುಂಬಿದ ಸಬ್‌ವೇಯಲ್ಲಿ ಸಿಕ್ಕಿಕೊಂಡಾಗ, ಹೊರಗಿನ ನೀರಿನ ಒತ್ತಡಕ್ಕೆ ಬಾಗಿಲು ತೆರೆಯದೆ ಹೋದರೆ, ಹೊರಬರಲು ಉಳಿಯುವುದು ಆ ಕಿಟಕಿಯೊಂದೇ. ಆದ್ದರಿಂದ ಮಳೆಗಾಲಕ್ಕೆ ಮುನ್ನ ಇವೆರಡೂ ಕೆಲಸ ಮಾಡುತ್ತಿರಬೇಕು.

ಹಿಂದಿನ ಒಂದು ಬ್ರೇಕ್ ಲೈಟ್ ಉರಿಯುತ್ತಿಲ್ಲ. ಇನ್ನೊಂದು ಇದೆಯಲ್ಲ?

ರಾತ್ರಿಯಲ್ಲಿ ಒಂದೇ ದೀಪದ ಕಾರನ್ನು ಹಿಂದಿನವರು ದ್ವಿಚಕ್ರ ವಾಹನವೆಂದು ಭಾವಿಸುವ ಸಾಧ್ಯತೆ ಇದೆ, ಮಳೆಯಲ್ಲಿ ದೂರವನ್ನೂ ತಪ್ಪಾಗಿ ಅಂದಾಜಿಸುತ್ತಾರೆ. ಸರಿಪಡಿಸಲು ಇಷ್ಟು ಸುಲಭವಾದ ದೋಷ ಕಾರಿನಲ್ಲಿ ಇನ್ನೊಂದಿಲ್ಲವಾದ್ದರಿಂದ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಹಳೆಯ ಕಾರುಗಳಲ್ಲಿ ಹೆಚ್ಚಾಗಿ ಇರುವುದು ಒಂದೇ ಬಲ್ಬಿನೊಳಗೆ ಎರಡು ತಂತಿಗಳು: ರಾತ್ರಿ ಸದಾ ಉರಿಯುವ 5 ವ್ಯಾಟಿನದೊಂದು, ಬ್ರೇಕ್ ತುಳಿದಾಗ ಹೊತ್ತಿಕೊಳ್ಳುವ 21 ವ್ಯಾಟಿನದೊಂದು. ಎರಡನೆಯದು ಸುಟ್ಟುಹೋದರೂ ಮೊದಲನೆಯದು ಉರಿಯುತ್ತಲೇ ಇರುವುದರಿಂದ ದೀಪ ಸರಿಯಾಗಿದೆ ಎಂಬ ಭ್ರಮೆ ಹುಟ್ಟುತ್ತದೆ. ಸಂಜೆ ಗಾಡಿಯ ಹಿಂಭಾಗವನ್ನು ಗೋಡೆಗೆ ಸಮೀಪವಾಗಿ ನಿಲ್ಲಿಸಿ, ಬ್ರೇಕ್ ತುಳಿದು ಕನ್ನಡಿಯಲ್ಲಿ ನೋಡಿದರೆ ಗೋಡೆಯ ಮೇಲಿನ ಎರಡು ಕೆಂಪು ಮಚ್ಚೆಗಳಲ್ಲಿ ಯಾವುದು ಮಂಕಾಗಿದೆ ಎಂಬುದು ಯಾರ ಸಹಾಯವೂ ಇಲ್ಲದೆ ತಿಳಿಯುತ್ತದೆ. ಹೊಸ ಬಲ್ಬ್ ಹಾಕುವಾಗ ಅದರ ಬುಡದ ಎರಡು ಗೂಟಗಳನ್ನು ಗಮನಿಸಬೇಕು: ಅವು ಒಂದೇ ಎತ್ತರದಲ್ಲಿ ಇರುವುದಿಲ್ಲ. ತಿರುಗುಮುರುಗಾಗಿ ಬಲವಂತದಿಂದ ಕೂರಿಸಿದರೆ 21 ವ್ಯಾಟಿನ ತಂತಿಯೇ ರಾತ್ರಿಯೆಲ್ಲ ಉರಿದು, ಬ್ರೇಕ್ ತುಳಿದಾಗ ಹಿಂದಿನವರಿಗೆ ಯಾವ ವ್ಯತ್ಯಾಸವೂ ಕಾಣುವುದಿಲ್ಲ.

ಬಲ್ಬ್ ಬದಲಿಸಿದರೂ ಸರಿಹೋಗದೆ, ಬ್ರೇಕ್ ತುಳಿದಾಗ ಅದೇ ಬದಿಯ ಇಂಡಿಕೇಟರ್ ಕೂಡ ಮಂದವಾಗಿ ಮಿಣುಕಿದರೆ, ತೊಂದರೆ ಅರ್ಥಿಂಗಿನಲ್ಲಿ, ಅಂದರೆ ವಿದ್ಯುತ್ತು ಕಾರಿನ ಮೈಗೆ ಮರಳುವ ಜೋಡಣೆಯಲ್ಲಿ, ಇದೆ ಎಂದು ಬಹುಮಟ್ಟಿಗೆ ಹೇಳಬಹುದು. ಕರಾವಳಿಯ ಉಪ್ಪುಗಾಳಿಗೆ ಹೋಲ್ಡರಿನ ತಾಮ್ರದ ತುದಿಗಳಲ್ಲಿ ಹಸಿರು ಕಿಲುಬು ಕಟ್ಟಿರುತ್ತದೆ. ಉಜ್ಜುಕಾಗದದಿಂದ ಅದನ್ನು ತೆಗೆದು ಅರ್ಥ್ ತಂತಿಯ ತಿರುಪನ್ನು ಬಿಗಿ ಮಾಡಿದರೆ ಸಾಕು. ಎರಡೂ ದೀಪಗಳು ಒಮ್ಮೆಗೇ ಹೋಗಿದ್ದರೆ ಬಲ್ಬನ್ನು ಮುಟ್ಟುವ ಮೊದಲು ಫ್ಯೂಸನ್ನೂ ಪೆಡಲಿನ ಮೇಲಿರುವ ಸ್ವಿಚ್ಚನ್ನೂ ನೋಡಬೇಕು.

ಹ್ಯಾಂಡ್‌ಬ್ರೇಕ್ ಹಿಡಿಯುವುದಿಲ್ಲ. ಗೇರಿನಲ್ಲಿ ನಿಲ್ಲಿಸಿದರೆ ಸಾಲದೇ?

ಸಮತಟ್ಟಾದ ಜಾಗದಲ್ಲಿ ಸಾಲಬಹುದು, ಮುಂಬಯಿಯ ಪೋಡಿಯಂ ಪಾರ್ಕಿಂಗಿನ ಇಳಿಜಾರಿನಲ್ಲಿ ಸಾಲದು. ಅದಕ್ಕಿಂತ ಮುಖ್ಯವಾಗಿ, ಪೆಡಲ್ ಬ್ರೇಕಿನ ಆಯಿಲ್ ಸೋರಿಹೋದ ದಿನ ಕೈಗೆ ಉಳಿಯುವ ಏಕೈಕ ಬ್ರೇಕ್ ಇದು.

ಗ್ಯಾರೇಜಿನಲ್ಲಿ ಸಾಮಾನ್ಯವಾಗಿ ಕೇಬಲನ್ನು ನಾಲ್ಕು ಸುತ್ತು ಬಿಗಿದು ಕಳುಹಿಸುತ್ತಾರೆ. ಅಷ್ಟಕ್ಕೇ ಒಪ್ಪಬೇಡಿ. ಹಿಂದಿನ ಚಕ್ರದ ಡ್ರಮ್ಮನ್ನು ಬಿಚ್ಚಿಸಿ, ಡ್ರಮ್ಮಿಗೆ ಒತ್ತಿ ಚಕ್ರವನ್ನು ನಿಲ್ಲಿಸುವ ಶೂ ಸವೆದಿದೆಯೇ ಎಂಬುದರ ಜೊತೆಗೆ ಅದನ್ನು ತಳ್ಳುವ ವ್ಹೀಲ್ ಸಿಲಿಂಡರಿನಿಂದ ಆಯಿಲ್ ಜಿನುಗಿ ಶೂ ತೋಯ್ದಿದೆಯೇ ಎಂದು ಕಣ್ಣಾರೆ ನೋಡಬೇಕು. ತೋಯ್ದಿದ್ದರೆ ಹ್ಯಾಂಡ್‌ಬ್ರೇಕ್ ಮಾತ್ರವಲ್ಲ, ಆ ಚಕ್ರದ ಪೆಡಲ್ ಬ್ರೇಕ್ ಕೂಡ ಹೋಗುತ್ತಿದೆ ಎಂದರ್ಥ. ಕೇಬಲ್ ಬಿಗಿಯುವುದರಿಂದ ರೋಗ ಮುಚ್ಚಿಹೋಗುತ್ತದೆಯೇ ಹೊರತು ವಾಸಿಯಾಗುವುದಿಲ್ಲ.

ಬ್ರೇಕ್ ಚೆನ್ನಾಗಿಯೇ ಹಿಡಿಯುತ್ತದೆ, ಗಾಡಿ ಓಡಿರುವುದೂ ಕಡಿಮೆ. ಆದರೂ ಬ್ರೇಕ್ ಆಯಿಲ್ ಬದಲಿಸಬೇಕೇ?

ಬದಲಿಸಬೇಕು. ಈ ಪುಟದಲ್ಲಿ ಒಂದೇ ಸಲಹೆಯನ್ನು ಪಾಲಿಸುವುದಾದರೆ ಇದನ್ನೇ ಪಾಲಿಸಿ ಎನ್ನುತ್ತೇನೆ, ಏಕೆಂದರೆ ಊರಿನೊಳಗಿನ ಓಡಾಟದಲ್ಲಿ ಸುಳಿವೇ ಕೊಡದೆ ಘಟ್ಟದಲ್ಲಿ ಮಾತ್ರ ಕೈಕೊಡುವ ದೋಷ ಇದು.

ಬ್ರೇಕ್ ಆಯಿಲ್ ಗಾಳಿಯಲ್ಲಿನ ತೇವಾಂಶವನ್ನು ಹೀರಿಕೊಳ್ಳುತ್ತದೆ. ಗಾಡಿ ಓಡಲಿ ನಿಂತಿರಲಿ, ಆ ಕ್ರಿಯೆ ನಡೆಯುತ್ತಲೇ ಇರುತ್ತದೆ; ಆದ್ದರಿಂದ ಇಲ್ಲಿ ಲೆಕ್ಕಕ್ಕೆ ಬರುವುದು ಕಿಲೋಮೀಟರಿಗಿಂತ ಹೆಚ್ಚಾಗಿ ಕಾಲ. ಹೊಸ ಡಾಟ್ 4 ದರ್ಜೆಯ ಆಯಿಲಿನ ಕುದಿಬಿಂದು ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ಇರಬೇಕೆಂದು ಮಾನದಂಡವಿದ್ದರೆ, ನೀರು ಹೀರಿದ ಆಯಿಲಿಗೆ ಅದೇ ಮಾನದಂಡ ಕೇಳುವುದು 155 ಡಿಗ್ರಿ ಮಾತ್ರ. ಡಾಟ್ 3ರಲ್ಲಿ ಇವು ಕ್ರಮವಾಗಿ 205 ಮತ್ತು 140. ಐದು ಜನರನ್ನೂ ಸಾಮಾನನ್ನೂ ಹೊತ್ತ ಕಾರು ಖಂಡಾಳದಿಂದ ಖೋಪೋಲಿಯ ಕಡೆಗೋ, ಚೋರ್ಲಾದಿಂದ ಸಾಖಳಿಯ ಕಡೆಗೋ ಬ್ರೇಕ್ ತುಳಿದುಕೊಂಡೇ ಇಳಿಯುವಾಗ ಆಯಿಲ್ ಅಷ್ಟು ಬಿಸಿಯಾಗುವುದು ಅಸಾಧ್ಯವಲ್ಲ. ಹೀರಿದ ನೀರು ಕುದಿದು ಆವಿಯ ಗುಳ್ಳೆಗಳಾಗುತ್ತದೆ, ಗುಳ್ಳೆಯನ್ನು ಒತ್ತಿದರೆ ಕುಗ್ಗುತ್ತದೆ, ಪೆಡಲ್ ನೆಲ ಮುಟ್ಟಿದರೂ ಚಕ್ರಕ್ಕೆ ಒತ್ತಡ ತಲುಪುವುದಿಲ್ಲ. ತಣ್ಣಗಾದ ಮೇಲೆ ಬ್ರೇಕ್ ಮತ್ತೆ ಏನೂ ಆಗಿಲ್ಲವೆಂಬಂತೆ ಹಿಡಿಯುವುದರಿಂದ ಮೆಕ್ಯಾನಿಕ್‌ಗೆ ದೋಷವೇ ಸಿಗದಿರಬಹುದು.

ಎರಡು ವರ್ಷಕ್ಕೊಮ್ಮೆ ಹಳೆಯದನ್ನು ಪೂರ್ತಿ ಹೊರತೆಗೆದು ಹೊಸದನ್ನು ತುಂಬಿಸುವುದು ರೂಢಿ. ಡಬ್ಬಿಯಲ್ಲಿ ಕಡಿಮೆಯಾದಷ್ಟನ್ನು ಮೇಲಿನಿಂದ ಸುರಿದರೆ ಬದಲಿಸಿದಂತಾಗುವುದಿಲ್ಲ. ಯಾವ ದರ್ಜೆಯ ಆಯಿಲ್ ಎಂಬುದು ಡಬ್ಬಿಯ ಮುಚ್ಚಳದ ಮೇಲೇ ಬರೆದಿರುತ್ತದೆ. ಎಷ್ಟೇ ಹೊಸ ಆಯಿಲ್ ಇದ್ದರೂ ಘಟ್ಟವನ್ನು ಎರಡನೆಯ ಅಥವಾ ಮೂರನೆಯ ಗೇರಿನಲ್ಲೇ ಇಳಿಯಬೇಕು. ಪೆಟ್ರೋಲ್ ಉಳಿಸಲು ನ್ಯೂಟ್ರಲ್ ಮಾಡುವವರಿಗೆ ಯಾವ ಆಯಿಲೂ ಒದಗುವುದಿಲ್ಲ.

ಟೈರಿನ ಗ್ರಿಪ್ ಇನ್ನೂ ಇದೆ. ವಯಸ್ಸಾದ ಮಾತ್ರಕ್ಕೆ ಎಸೆಯಬೇಕೇ?

ಕಾನೂನು ಕಾರಿನ ಟೈರಿಗೆ ಕೇಳುವುದು ಕನಿಷ್ಠ 1.6 ಮಿಲಿಮೀಟರ್ ಆಳದ ಗೆರೆಗಳನ್ನು. ಗೆರೆಗಳ ನಡುವೆ ಅಡ್ಡಲಾಗಿರುವ ಪುಟ್ಟ ದಿಬ್ಬಗಳ ಮಟ್ಟಕ್ಕೆ ರಬ್ಬರ್ ಸವೆದರೆ ಆ ಮಿತಿ ಮುಟ್ಟಿತೆಂದು ತಿಳಿಯಬಹುದು. ಕಡಿಮೆ ಓಡುವ ಕಾರುಗಳಲ್ಲಿ ಟೈರು ಸವೆಯುವ ಮೊದಲೇ ಒಣಗುತ್ತದೆ. ಪಕ್ಕದ ಗೋಡೆಯ ಮೇಲೆ ಅಂಡಾಕಾರದ ಚೌಕಟ್ಟಿನೊಳಗೆ ನಾಲ್ಕು ಅಂಕಿಗಳಿರುತ್ತವೆ. 2316 ಎಂದಿದ್ದರೆ ಅದು 2016ನೇ ಇಸವಿಯ 23ನೇ ವಾರದಲ್ಲಿ ತಯಾರಾದದ್ದು. ಹತ್ತು ವರ್ಷ ದಾಟಿದ ಟೈರನ್ನು ಗ್ರಿಪ್ ಎಷ್ಟೇ ಇದ್ದರೂ ತೆಗೆಯಿರಿ ಎಂದು ಹಲವು ತಯಾರಕರೇ ಹೇಳುತ್ತಾರೆ. ಪಕ್ಕದ ಗೋಡೆಯಲ್ಲಿ ಬಿರುಕುಗಳೋ ಉಬ್ಬೋ ಕಂಡರೆ ಹತ್ತು ವರ್ಷ ಕಾಯಬೇಕಾಗಿಲ್ಲ. ಮುಂಬಯಿ-ಪುಣೆ ಎಕ್ಸ್‌ಪ್ರೆಸ್‌ವೇಯ ಕಾಂಕ್ರೀಟಿನ ಮೇಲೆ ಬಿಸಿಲಿನಲ್ಲಿ, ಗಾಳಿ ಕಡಿಮೆಯಿರುವ ಹಳೆಯ ಟೈರು ಕಾದು ಸಿಡಿಯುವ ಅಪಾಯ ಹೆಚ್ಚು. ಡಿಕ್ಕಿಯಲ್ಲಿ ಮಲಗಿರುವ ಸ್ಟೆಪ್ನಿಯ ಅಂಕಿಗಳನ್ನೂ ಓದಿ.

ಗುಂಡಿಗೆ ಇಳಿದಾಗ ಮುಂಭಾಗದಲ್ಲಿ ಕಟಕಟ ಸದ್ದು ಬರುತ್ತದೆ. ಅಪಾಯವೇ?

ಸದ್ದು ಒಂದೇ ಆದರೂ ಕಾರಣಗಳು ಬೇರೆ. ತಿರುವಿನಲ್ಲಿ ಗಾಡಿ ವಾಲದಂತೆ ತಡೆಯುವ ಸ್ಟೆಬಿಲೈಸರ್ ಲಿಂಕ್ ಸವೆದಿದ್ದರೆ ಕಿರಿಕಿರಿ ಹೆಚ್ಚು, ಅಪಾಯ ಕಡಿಮೆ. ಚಕ್ರವನ್ನು ಸಸ್ಪೆನ್ಷನ್ನಿಗೆ ಜೋಡಿಸುವ ಬಾಲ್ ಜಾಯಿಂಟ್ ಸವೆದಿದ್ದರೆ ಅದು ಕಳಚಿಕೊಂಡು ಚಕ್ರ ಓರೆಯಾಗಿ ಬಿದ್ದುಬಿಡಬಹುದು. ಚಕ್ರವನ್ನು ಜಾಕಿನ ಮೇಲೆ ಎತ್ತಿಸಿ, ಎಡ-ಬಲ ಹಿಡಿದು ಅಲುಗಾಡಿಸಿದಾಗ ಸಡಿಲವೆನಿಸಿದರೆ ಸ್ಟೀರಿಂಗನ್ನು ಚಕ್ರಕ್ಕೆ ಜೋಡಿಸುವ ಟೈ ರಾಡ್ ಎಂಡಿನ ಮೇಲೂ, ಮೇಲೆ-ಕೆಳಗೆ ಹಿಡಿದು ಅಲುಗಾಡಿಸಿದಾಗ ಸಡಿಲವೆನಿಸಿದರೆ ಬಾಲ್ ಜಾಯಿಂಟ್ ಅಥವಾ ಬೇರಿಂಗಿನ ಮೇಲೂ ಅನುಮಾನಪಡಬೇಕು. ಪರೀಕ್ಷೆ ಐದು ನಿಮಿಷದ್ದು. ಸದ್ದನ್ನು ಸಹಿಸಿಕೊಂಡು ಓಡಿಸಬಹುದೇ ಎಂಬುದನ್ನು ಅದರ ನಂತರ ತೀರ್ಮಾನಿಸಿ.

ಸೀಟ್‌ಬೆಲ್ಟ್ ಒಳಗೆ ಸರಿಯಾಗಿ ಸುತ್ತಿಕೊಳ್ಳುವುದಿಲ್ಲ, ಅಂಚೂ ಸ್ವಲ್ಪ ಎಳೆ ಬಿಟ್ಟಿದೆ. ಹೊಲಿಸಬಹುದೇ?

ಹೊಲಿಸಬಾರದು. ಸುತ್ತಿಕೊಳ್ಳದಿರುವುದಕ್ಕೆ ಎಷ್ಟೋ ಬಾರಿ ಕಾರಣ ಬರೀ ಕೊಳೆ: ಬೆಲ್ಟನ್ನು ಪೂರ್ತಿ ಎಳೆದು, ಉಗುರುಬೆಚ್ಚಗಿನ ಸಾಬೂನು ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಹೆಗಲ ಬಳಿಯ ಕೊಂಡಿಯಲ್ಲಿ ಅಂಟಿರುವ ಜಿಗುಟನ್ನೂ ತೆಗೆದು ನೆರಳಿನಲ್ಲಿ ಒಣಗಿಸಿದರೆ ಅದು ಮೊದಲಿನಂತಾಗಬಹುದು. ಎಳೆ ಬಿಟ್ಟ ಬೆಲ್ಟನ್ನು ಮಾತ್ರ ಇಡಿಯಾಗಿ ಬದಲಿಸಬೇಕು. ಒಮ್ಮೆ ದೊಡ್ಡ ಅಪಘಾತದಲ್ಲಿ ಬಿಗಿದುಕೊಂಡ ಬೆಲ್ಟಿಗೂ ಇದೇ ನಿಯಮ.

ಹಿಂದಿನ ಸೀಟಿನ ಬೆಲ್ಟುಗಳನ್ನು ಹೊದಿಕೆಯ ಕೆಳಗೆ ಹೂತುಹಾಕಿರುವ ಕಾರುಗಳೇ ನಮ್ಮಲ್ಲಿ ಹೆಚ್ಚು. 2022ರ ಸೆಪ್ಟೆಂಬರಿನಲ್ಲಿ ಪಾಲ್ಘರ್ ಜಿಲ್ಲೆಯ ಸೂರ್ಯಾ ನದಿಯ ಸೇತುವೆಯ ಮೇಲೆ ಉದ್ಯಮಿ ಸೈರಸ್ ಮಿಸ್ತ್ರಿ ಅವರು ಮಡಿದಾಗ ಅವರು ಕುಳಿತಿದ್ದುದು ಹಿಂದಿನ ಸೀಟಿನಲ್ಲಿ, ಬೆಲ್ಟ್ ಧರಿಸದೆ. ಅದೇ ವರ್ಷದ ನವೆಂಬರಿನಿಂದ ಮುಂಬಯಿ ಪೊಲೀಸರು ಎಲ್ಲ ಪ್ರಯಾಣಿಕರಿಗೂ ಬೆಲ್ಟ್ ಕಡ್ಡಾಯವೆಂದರು. ಹೊದಿಕೆಯನ್ನು ಬಿಚ್ಚಿ ಆ ಕೊಂಡಿಗಳನ್ನು ಹೊರತೆಗೆಯುವುದಕ್ಕೆ ಒಂದು ಪೈಸೆಯೂ ಖರ್ಚಿಲ್ಲ.

ಏರ್‌ಬ್ಯಾಗ್ ದೀಪ ಸದಾ ಉರಿಯುತ್ತದೆ. ಮೆಕ್ಯಾನಿಕ್ ಅದನ್ನು ಆರಿಸಿಕೊಡುತ್ತೇನೆ ಎನ್ನುತ್ತಾನೆ.

ದೀಪವನ್ನು ಆರಿಸುವುದು ಬೇರೆ, ದೋಷವನ್ನು ತೆಗೆಯುವುದು ಬೇರೆ. ಆ ದೀಪ ಉರಿಯುತ್ತಿದ್ದರೆ ಡಿಕ್ಕಿಯಾದಾಗ ಏರ್‌ಬ್ಯಾಗ್ ತೆರೆಯದೆ ಇರಬಹುದು. ಜೊತೆಗೆ ಹಾರ್ನ್ ಕೂಡ ಆಗಾಗ ಕೈಕೊಡುತ್ತಿದ್ದರೆ ಸ್ಟೀರಿಂಗಿನ ಒಳಗೆ ಸುರುಳಿಯಾಗಿ ಸುತ್ತಿರುವ ಪಟ್ಟಿಕೇಬಲ್, ಗ್ಯಾರೇಜಿನವರು ಕ್ಲಾಕ್ ಸ್ಪ್ರಿಂಗ್ ಎನ್ನುವ ಭಾಗ, ತುಂಡಾಗಿರುವ ಸಂಭವ ಹೆಚ್ಚು. ಎರಡರ ತಂತಿಯೂ ಅದರ ಮೂಲಕವೇ ಹೋಗುತ್ತದೆ. ಏರ್‌ಬ್ಯಾಗ್ ಸ್ಫೋಟಕದಿಂದ ತೆರೆಯುವ ಸಾಧನವಾದ್ದರಿಂದ ಈ ಕೆಲಸವನ್ನು ಮೂಲೆಯ ಎಲೆಕ್ಟ್ರಿಷಿಯನ್ ಕೈಗೆ ಕೊಡಬಾರದು.

ಇನ್ನೊಂದು ಮಾತನ್ನು ಇಲ್ಲಿಯೇ ಹೇಳಬೇಕು. ಟಕಾಟಾ ಕಂಪನಿಯ ಏರ್‌ಬ್ಯಾಗ್‌ಗಳಲ್ಲಿ ಬಳಸಿದ್ದ ಅಮೋನಿಯಂ ನೈಟ್ರೇಟ್ ವರ್ಷಗಟ್ಟಲೆ ಸೆಕೆಗೂ ತೇವಕ್ಕೂ ಸಿಕ್ಕಿ ಕೆಡುತ್ತದೆ, ಆಮೇಲೆ ಅತಿಯಾದ ಬಲದಿಂದ ಸಿಡಿದು ಲೋಹದ ಚೂರುಗಳನ್ನು ಎಸೆಯುತ್ತದೆ ಎಂಬ ಕಾರಣಕ್ಕೆ ಜಗತ್ತಿನಾದ್ಯಂತ ಕೋಟಿಗಟ್ಟಲೆ ಕಾರುಗಳನ್ನು ಹಿಂದಕ್ಕೆ ಕರೆಯಲಾಯಿತು. ಭಾರತದಲ್ಲಿ ಹೋಂಡಾ, ಟೊಯೋಟಾ ಮೊದಲಾದವರ ಹಳೆಯ ಮಾದರಿಗಳು ಅವುಗಳಲ್ಲಿ ಸೇರಿದ್ದವು. ಸೆಕೆ, ತೇವ ಎರಡೂ ಧಾರಾಳವಾಗಿರುವ ಮುಂಬಯಿ, ಗೋವೆಗಳ ಹಳೆಯ ಕಾರಿನವರು ತಯಾರಕರ ಜಾಲತಾಣದಲ್ಲಿ ಚಾಸಿ ಸಂಖ್ಯೆಯನ್ನು ಹಾಕಿ ನೋಡಬೇಕು. ಈ ಬದಲಾವಣೆಗೆ ಹಣ ಕೊಡಬೇಕಾಗಿಲ್ಲ. ಕಾರನ್ನು ಮೂರನೆಯವರಿಂದ ಕೊಂಡಿದ್ದೀರಿ ಎಂಬುದೂ ಅಡ್ಡಿಯಲ್ಲ.

ಹೊಸ ಬಿಡಿಭಾಗ ಸಿಗುತ್ತಿಲ್ಲ. ಮುಂಬಯಿಯ ಕುರ್ಲಾದಲ್ಲೋ ಪುಣೆಯ ನಾನಾ ಪೇಟೆಯಲ್ಲೋ ಹಳೆಯದನ್ನು ತರಬಹುದೇ?

ಬಾಗಿಲಿನ ಹಿಡಿ, ಪಕ್ಕದ ಕನ್ನಡಿ, ಹೆಡ್‌ಲೈಟಿನ ಡೂಮು, ವೈಪರ್ ಮೋಟರು ಇವನ್ನು ನೋಡಿ ತರಬಹುದು; ಕೆಟ್ಟಿದ್ದರೆ ಕಣ್ಣಿಗೆ ಕಾಣುತ್ತದೆ. ಸೀಟ್‌ಬೆಲ್ಟ್, ಏರ್‌ಬ್ಯಾಗ್, ಬ್ರೇಕ್ ಹೋಸ್, ಟೈರು ಇವುಗಳ ಹಿಂದಿನ ಚರಿತ್ರೆ ಅಂಗಡಿಯವನಿಗೂ ಗೊತ್ತಿರುವುದಿಲ್ಲ, ಆದ್ದರಿಂದ ಅವನ್ನು ಹೊಸದಾಗಿಯೇ ಕೊಳ್ಳಬೇಕು.

ಮೆಕ್ಯಾನಿಕ್ ‘ಚಾಲೇಲ್ ಸಾಹೇಬ್’ (ನಡೆಯುತ್ತದೆ, ಸಾಹೇಬರೇ) ಎಂದುಬಿಡುತ್ತಾನೆ. ನಂಬಬಹುದೇ?

ಅವನು ನಿಮ್ಮನ್ನು ಮೋಸಗೊಳಿಸುತ್ತಿದ್ದಾನೆ ಎಂದೇನಲ್ಲ. ಹಳೆಯ ಕಾರಿನವರು ಖರ್ಚಿಗೆ ಹಿಂಜರಿಯುತ್ತಾರೆ ಎಂಬುದು ಅವನ ಅನುಭವ. ‘ನಡೆಯುತ್ತದೆಯೇ’ ಎಂದು ಕೇಳಿದರೆ ‘ನಡೆಯುತ್ತದೆ’ ಎಂಬ ಉತ್ತರವೇ ಬರುತ್ತದೆ. ಯಾವ ಭಾಗ, ಎಷ್ಟು ಸವೆದಿದೆ, ಪೂರ್ತಿ ಹೋದರೆ ಗಾಡಿ ಏನು ಮಾಡುತ್ತದೆ, ನಾಡಿದ್ದು ಗಾಡಿ ತುಂಬ ಜನರೊಂದಿಗೆ ಘಾಟ್ ಇಳಿಯಲಿದ್ದೇವೆ ಎಂದು ವಿವರವಾಗಿ ಕೇಳಿದರೆ ಉತ್ತರವೂ ವಿವರವಾಗಿ ಬರುತ್ತದೆ. ತೆಗೆದ ಹಳೆಯ ಭಾಗವನ್ನು ಕೈಗೆ ಕೊಡಲು ಹೇಳಿ.

ದೋಷವಿರುವ ಗಾಡಿ ಓಡಿಸಿದರೆ ಕಾನೂನು ಏನೆನ್ನುತ್ತದೆ? ವಿಮೆ ಸಿಗುತ್ತದೆಯೇ?

ಮೋಟಾರು ವಾಹನ ಕಾಯ್ದೆ, 1988ರ 190ನೇ ಕಲಮು ಈ ಬಗ್ಗೆಯೇ ಇದೆ. ತನಗೆ ಗೊತ್ತಿರುವ ಅಥವಾ ಸಾಮಾನ್ಯ ಎಚ್ಚರದಿಂದ ಗೊತ್ತಾಗಬಹುದಾಗಿದ್ದ ದೋಷವಿದ್ದೂ, ಇತರರಿಗೆ ಅಪಾಯವಾಗುವಂಥ ವಾಹನವನ್ನು ಸಾರ್ವಜನಿಕ ಸ್ಥಳದಲ್ಲಿ ಓಡಿಸಿದವರಿಗೆ 1500 ರೂಪಾಯಿಯವರೆಗೆ ದಂಡ. ಅದರಿಂದ ಅಪಘಾತವಾಗಿ ಯಾರಿಗಾದರೂ ಗಾಯವಾದರೆ ಅಥವಾ ಆಸ್ತಿ ಹಾನಿಯಾದರೆ ಮೂರು ತಿಂಗಳವರೆಗೆ ಸೆರೆ ಅಥವಾ 5000 ರೂಪಾಯಿಯವರೆಗೆ ದಂಡ ಅಥವಾ ಎರಡೂ. ಗಮನಿಸಬೇಕಾದದ್ದು, ಓಡಿಸಿದವನಷ್ಟೇ ಅಲ್ಲದೆ ಓಡಿಸಲು ಬಿಟ್ಟವನೂ ಇದರಲ್ಲಿ ಸೇರುತ್ತಾನೆ. ನಮ್ಮ ಹೋಟೆಲಿನವರಲ್ಲಿ ಮನೆಯ ಹಳೆಯ ಕಾರಿಗೆ ವಾಶಿ ಮಾರುಕಟ್ಟೆಯಿಂದ ತರಕಾರಿ ತರುವ ಕೆಲಸಕ್ಕೆ ಹಿಂಬಡ್ತಿ ಕೊಟ್ಟು, ಕೀಲಿಯನ್ನು ಹುಡುಗರ ಕೈಗೆ ಒಪ್ಪಿಸುವ ವಾಡಿಕೆ ಇದೆ. ಮನೆಯವರಿಗೆ ಬೇಡವಾದ ಬ್ರೇಕು ಹುಡುಗರಿಗೆ ಸಾಕು ಎಂಬ ತರ್ಕವನ್ನು ಕಾನೂನಂತೂ ಒಪ್ಪುವುದಿಲ್ಲ.

ಸವಕಳಿಯಿಂದಾದ ದುರಸ್ತಿಗೆ ವಿಮೆ ಹಣ ಕೊಡುವುದಿಲ್ಲ. ವಾಹನವನ್ನು ಸುಸ್ಥಿತಿಯಲ್ಲಿ ಇಟ್ಟುಕೊಳ್ಳಬೇಕೆಂಬುದು ಪಾಲಿಸಿಯ ಷರತ್ತುಗಳಲ್ಲೇ ಇರುವುದರಿಂದ, ಬ್ರೇಕ್ ಕೆಟ್ಟಿರುವುದು ಮೊದಲೇ ತಿಳಿದಿತ್ತು ಎಂದಾದರೆ ನಿಮ್ಮ ಕಾರಿನ ಹಾನಿಯ ಕ್ಲೇಮಿನಲ್ಲಿ ತಕರಾರು ಏಳಬಹುದು.

ಕಾರಿಗೆ ಹದಿನೈದು ವರ್ಷ ತುಂಬುತ್ತಿದೆ, ಕೆಎ ನಂಬರ್ ಬೇರೆ. ಈಗ ರಿಪೇರಿಗೆ ಹಣ ಹಾಕಬೇಕೇ?

ಮೊದಲು ಆರ್‌ಸಿಯ (ನೋಂದಣಿ ಪತ್ರದ) ಲೆಕ್ಕ, ಆಮೇಲೆ ಗ್ಯಾರೇಜಿನ ಲೆಕ್ಕ. ಖಾಸಗಿ ಕಾರಿನ ನೋಂದಣಿ ಹದಿನೈದು ವರ್ಷಕ್ಕೆ ಮುಗಿಯುತ್ತದೆ. ನಂತರ ತಪಾಸಣೆ ಮಾಡಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು. 2022ರ ಏಪ್ರಿಲಿನಿಂದ ಕಾರಿನ ನವೀಕರಣ ಶುಲ್ಕ 600ರಿಂದ 5000 ರೂಪಾಯಿಗೆ ಏರಿತು, ಮಹಾರಾಷ್ಟ್ರದಲ್ಲಿ ಇದರ ಮೇಲೆ ಪರಿಸರ ತೆರಿಗೆಯೂ ಇದೆ. ಕರ್ನಾಟಕದ ಸಂಖ್ಯೆಯ ಕಾರನ್ನು ಬೇರೆ ರಾಜ್ಯದಲ್ಲಿ ಹನ್ನೆರಡು ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡರೆ ಅಲ್ಲಿಯ ಸಂಖ್ಯೆ ಪಡೆಯಬೇಕೆಂದು ಮೋಟಾರು ವಾಹನ ಕಾಯ್ದೆಯ 47ನೇ ಕಲಮು ಹೇಳುವುದರಿಂದ, ಮೂಲ ಆರ್‌ಟಿಒದಿಂದ ಎನ್‌ಒಸಿ (ನಿರಾಕ್ಷೇಪಣಾ ಪತ್ರ), ಇಲ್ಲಿಯ ತೆರಿಗೆ ಎಲ್ಲವೂ ಸೇರಿಕೊಳ್ಳುತ್ತವೆ. ಇವೆಲ್ಲವನ್ನೂ ಕೂಡಿಸಿದ ಮೇಲೂ ಇನ್ನು ಐದು ವರ್ಷ ಓಡಿಸುವ ಮನಸ್ಸಿದ್ದರೆ, ತಪಾಸಣೆಗೆ ಮುನ್ನ ಎಲ್ಲ ದೋಷಗಳನ್ನೂ ಒಟ್ಟಿಗೆ ತೆಗೆಸುವುದು ಲೇಸು.

ಮನಸ್ಸಿಲ್ಲದಿದ್ದರೆ ಕಾರನ್ನು ನೋಂದಾಯಿತ ಗುಜರಿ ಕೇಂದ್ರಕ್ಕೇ ಕೊಡಿ. ಕಾರನ್ನು ಗುಜರಿಗೆ ಒಪ್ಪಿಸಿದ್ದಕ್ಕೆ ಪುರಾವೆಯಾಗಿ ಅಲ್ಲಿ ಸಿಗುವ ಠೇವಣಿ ಪ್ರಮಾಣಪತ್ರವನ್ನು ತೋರಿಸಿದರೆ ಹೊಸ ಖಾಸಗಿ ವಾಹನದ ತೆರಿಗೆಯಲ್ಲಿ ರಾಜ್ಯಗಳು 25 ಪ್ರತಿಶತದವರೆಗೆ ರಿಯಾಯಿತಿ ಕೊಡಬಹುದು.

ತುಕ್ಕನ್ನೂ ಸಣ್ಣ ದೋಷವೆಂದು ಎಣಿಸಬಹುದೇ?

ಬಾಗಿಲಿನ ಅಂಚಿನ ತುಕ್ಕು ಅಂದಗೆಡಿಸುತ್ತದೆ ಅಷ್ಟೆ. ಬಾಗಿಲ ಕೆಳಗಿನ ಪಟ್ಟಿ, ಜಾಕ್ ಕೊಡುವ ಜಾಗ, ಬೆಲ್ಟಿನ ಬೋಲ್ಟ್ ಕೂರುವ ನೆಲ, ಸಸ್ಪೆನ್ಷನ್ ಕಚ್ಚಿಕೊಂಡಿರುವ ಭಾಗ ಇವು ತುಕ್ಕು ಹಿಡಿದು, ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟಿದಾಗ ಗಟ್ಟಿ ಸದ್ದಿನ ಬದಲು ಪುಡಿ ಉದುರಿದರೆ, ಅದಕ್ಕೆ ಪುಟ್ಟಿ ಬಳಿದು ಬಣ್ಣ ಹೊಡೆಸುವುದು ಹಣವನ್ನು ನೀರಿಗೆ ಹಾಕಿದಂತೆ. ಸಮುದ್ರದಂಚಿನಲ್ಲಿ ವರ್ಷಗಟ್ಟಲೆ ನಿಂತ ಕಾರುಗಳ ಆಯುಷ್ಯ ಎಷ್ಟೋ ಬಾರಿ ಮುಗಿಯುವುದು ಎಂಜಿನ್‌ನಿಂದಲ್ಲ, ಇಲ್ಲಿಂದ.

ಸಿಎನ್‌ಜಿ ಕಿಟ್ ಇರುವ ಹಳೆಯ ಕಾರಿನಲ್ಲಿ ಹೆಚ್ಚಿಗೆ ಏನು ನೋಡಬೇಕು?

ಸಿಲಿಂಡರಿಗೆ ಮೂರು ವರ್ಷಕ್ಕೊಮ್ಮೆ ಹೈಡ್ರೋ ಟೆಸ್ಟ್ (ನೀರಿನ ಒತ್ತಡದ ಪರೀಕ್ಷೆ) ಕಡ್ಡಾಯ. ದಿನಾಂಕ ದಾಟಿದರೆ ಮಾಡಿಸದೆ ಗ್ಯಾಸ್ ತುಂಬಿಸಬೇಡಿ. ಗ್ಯಾಸಿನ ವಾಸನೆ ಎಷ್ಟೇ ಸಣ್ಣದಿರಲಿ, ಸಣ್ಣ ದೋಷಗಳ ಪಟ್ಟಿಗೆ ಸೇರುವುದಿಲ್ಲ.

ದೋಷ ಈಗ ಗೊತ್ತಾಯಿತು, ಇಂದು ರಾತ್ರಿಯೇ ಊರಿಗೆ ಹೊರಡಬೇಕು, ಗ್ಯಾರೇಜು ಮುಚ್ಚಿದೆ. ಏನು ಮಾಡುವುದು?

ದೀಪದ ದೋಷವಾಗಿದ್ದು ಬಲ್ಬ್ ಸಿಗದಿದ್ದರೆ ಬೆಳಕು ಹರಿದ ಮೇಲೆ ಹೊರಟು, ದಾರಿಯಲ್ಲಿ ತೆರೆದ ಮೊದಲ ಅಂಗಡಿಯಲ್ಲಿ ಹಾಕಿಸಿಕೊಳ್ಳಬಹುದು. ವೈಪರ್ ಕೆಟ್ಟಿದ್ದರೆ ಮಳೆಗಾಲವನ್ನು ಬಿಟ್ಟು ಉಳಿದ ದಿನಗಳಲ್ಲಿ ಹೀಗೆಯೇ ಮಾಡಬಹುದು. ಬ್ರೇಕ್, ಸ್ಟೀರಿಂಗ್, ಟೈರುಗಳ ದೋಷವಾದರೆ ‘ನಿಧಾನವಾಗಿ ಹೋದರಾಯಿತು’ ಎನ್ನುವ ಸಮಾಧಾನ ಬೇಡ, ಇಳಿಜಾರಿನಲ್ಲಿ ವೇಗವನ್ನು ನಿರ್ಧರಿಸುವುದು ನೀವೊಬ್ಬರೇ ಅಲ್ಲ. ಕೀಲಿಯನ್ನು ಮನೆಯಲ್ಲಿಟ್ಟು ರೈಲಿಗೋ ರಾತ್ರಿಯ ಬಸ್ಸಿಗೋ ಹೋಗಿ, ಕಾರನ್ನು ಮರಳಿ ಬಂದ ಮೇಲೆ ಗ್ಯಾರೇಜಿಗೆ ಎಳೆಸಿಕೊಂಡು ಹೋಗಿ.